ಮೂರು ಅಡ್ಡಗೋಲಿನ ಅರ್ಥವನ್ನು ಕಳ್ಳನಿಗೂ ಹೇಳಿಕೊಟ್ಟವರಿಗೆ

ಮಾನ್ಯ ಪ್ರವಾಸೋದ್ಯಮ ಅಧಿಕಾರಿಗಳೇ,

ನನ್ನ ಮನೆಗೆ ಕಳ್ಳ ನುಗ್ಗಿದ. ಅವನಿಗೆ ದಾರಿ ತೋರಿಸಿದವರು ನೀವು. ಇದನ್ನು ಪೊಲೀಸರಿಗೆ ಹೇಳಿದರೆ ನಕ್ಕರು. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ. ನಾನು ಎರಡನೇ ತರಗತಿಗೇ ಶಾಲೆ ಬಿಟ್ಟು ಚಿಪ್ಪು ಕೀಳಲು ಸಮುದ್ರದಲ್ಲಿ ಮುಳುಗಿದವಳು. ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ, ಸಿಟ್ಟನ್ನು ತಿದ್ದಲು ನಾನು ಬಿಟ್ಟಿಲ್ಲ.

ನಮ್ಮ ಜೇಜು ದ್ವೀಪದ ಹಳೆ ಮನೆಗಳಿಗೆ ಗೇಟು ಇಲ್ಲ. ಎರಡು ಕಲ್ಲುಗಂಬ, ಅವುಗಳ ತೂತಿಗೆ ತೂರಿಸುವ ಮೂರು ಅಡ್ಡಗೋಲು, ಅಷ್ಟೇ. ಅವುಗಳ ಅರ್ಥವನ್ನು ನಾನು ವಿವರಿಸಬೇಕಾಗಿಲ್ಲ. ನೀವೇ ನನ್ನ ಬೇಲಿಗೆ ತಾಗಿಸಿ ನಾಲ್ಕು ಭಾಷೆಗಳಲ್ಲಿ ಫಲಕ ನೆಡಿಸಿದ್ದೀರಿ: "ಕೋಲು ಒಂದೂ ಇಲ್ಲದಿದ್ದರೆ ಮನೆಯವರು ಒಳಗಿದ್ದಾರೆ. ಒಂದಿದ್ದರೆ ಪಕ್ಕದಲ್ಲೇ ಇದ್ದಾರೆ. ಎರಡಿದ್ದರೆ ಬರುವುದು ತಡ. ಮೂರೂ ಇದ್ದರೆ ದೂರ ಹೋಗಿದ್ದಾರೆ." ಎಷ್ಟು ಚಂದದ ಅಕ್ಷರ, ಎಷ್ಟು ಸ್ಪಷ್ಟ ವಿವರಣೆ! ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕವನ್ನು ಯಾವ ಸರ್ಕಾರ ಅಚ್ಚು ಹಾಕಿಸಿಕೊಟ್ಟಿದೆ, ಹೇಳಿ?

ಸಮುದ್ರದ ಇಳಿತ ಜೋರಾಗಿರುವ ದಿನ ನಾವು ಊರಿನ ಹೆಂಗಸರೆಲ್ಲ ಒಟ್ಟಿಗೆ ನೀರಿಗಿಳಿಯುತ್ತೇವೆ. ಆ ದಿನವೂ ಮೂರೂ ಕೋಲು ಹಾಕಿ ಹೋದೆ. ಬಂದು ನೋಡಿದರೆ ಬೀರು ಬಾಯಿ ತೆರೆದುಕೊಂಡು ನಿಂತಿತ್ತು. ಹಿರಿಯರ ಎಡೆಗೆ ಇಡುವ ಕಂಚಿನ ಬಟ್ಟಲುಗಳು ಒಂದೂ ಇರಲಿಲ್ಲ. ನನ್ನ ಅತ್ತೆ ಹುಲ್ಲಿನ ಬೂದಿಯಲ್ಲಿ ತಿಕ್ಕಿ ಬೆಳಗಿದ ಬಟ್ಟಲುಗಳು ಅವು. ಈ ಸಲ ಗಂಡನ ತಿಥಿಗೆ ಅನ್ನ, ಸಾರು, ಒಣಮೀನನ್ನು ಪ್ಲಾಸ್ಟಿಕ್ಕಿನಲ್ಲಿ ಬಡಿಸಿದೆ. ಬದುಕಿದ್ದಾಗಲೇ ಊಟಕ್ಕೆ ಕೊಂಕು ತೆಗೆಯುತ್ತಿದ್ದ ಮನುಷ್ಯ, ಸತ್ತ ಮೇಲೆ ಏನಂದುಕೊಂಡನೋ.

ಪೊಲೀಸ್ ಹುಡುಗ ಬಂದು ಬಾಗಿಲನ್ನು ಸವರಿ ನೋಡಿದ.

"ಒಡೆದ ಗುರುತೇ ಇಲ್ವಲ್ಲ ಅಜ್ಜಿ?"

"ಬೀಗ ಇದ್ರೆ ತಾನೆ ಒಡಿಯೋದು?"

"ಬೀಗ ಹಾಕ್ದೇ ಹೋಗ್ತೀರಾ? ನೀವು ಮನೇಲಿಲ್ಲ ಅಂತ ಅವನಿಗೆ ಹೇಗೆ ಗೊತ್ತಾಯ್ತು?"

ನಾನು ಅವನ ರಟ್ಟೆ ಹಿಡಿದು ಫಲಕದ ಮುಂದೆ ನಿಲ್ಲಿಸಿದೆ. "ಓದಪ್ಪ. ನೀನು ಶಾಲೆಗೆ ಹೋದವನು."

ಅವನು ಓದಿದ, ನಕ್ಕ, ಅಲ್ಲಿ ನಾನಿದ್ದೇನೆಂದು ನೆನಪಾಗಿ ಕೆಮ್ಮಿದ.

ಆಮೇಲೆ ನಿಮ್ಮ ಕಚೇರಿಯಿಂದ ಟೈ ಕಟ್ಟಿದವನೊಬ್ಬ ಬಂದ. ಫಲಕ ತೆಗೆಸಲು ಬಂದನೇನೋ ಅಂದುಕೊಂಡೆ. ಅವನು ಊರವರನ್ನೆಲ್ಲ ಕೂರಿಸಿಕೊಂಡು ಮನೆ ಭದ್ರತೆಯ ಪಾಠ ಮಾಡಿದ. ಬೀಗ ಹಾಕಿ, ಕಿಟಕಿಗೆ ಚಿಲಕ ಹಾಕಿ ಎಂದ. ಒಪ್ಪಿದೆ. ನಂಬರ್ ಒತ್ತುವ ಬೀಗ ಹಾಕಿಸಿದ್ದೇನೆ, ಅಡುಗೆಮನೆಯ ಹಿಂಬಾಗಿಲಿಗೆ ಕಬ್ಬಿಣದ ಅಗುಳಿ ಇಟ್ಟಿದ್ದೇನೆ, ಒಂದು ನಾಯಿಯನ್ನೂ ಕಟ್ಟಿದ್ದೇನೆ. ಅದು ಇಲ್ಲಿಯವರೆಗೆ ನನ್ನನ್ನು ಬಿಟ್ಟು ಬೇರೆ ಯಾರಿಗೂ ಬೊಗಳಿಲ್ಲ. ಬೀಗ ಬೇಡವೆನ್ನುವ ಮೂರ್ಖಳು ನಾನಲ್ಲ. ಆದರೆ ಎದ್ದು ಹೋಗುವ ಮುಂಚೆ ಅವನು ಇನ್ನೊಂದು ಮಾತು ಹೇಳಿದ.

"ಇನ್ಮೇಲೆ ಮನೆ ಒಳಗಿದ್ದಾಗ ಮೂರೂ ಕೋಲು ಹಾಕಿ, ಹೊರಗೆ ಹೋದಾಗ ತೆಗ್ದಿಡಿ. ಕಳ್ಳನಿಗೆ ಗೊಂದಲ ಆಗ್ಬೇಕು."

"ಕಳ್ಳನಿಗೆ ಆಗುತ್ತೆ, ಸರಿ. ಪಕ್ಕದ ಮನೆಯವಳಿಗೆ?" ಎಂದೆ.

"ಫೋನ್ ಇದೆಯಲ್ಲ ಅಜ್ಜಿ."

ಫಲಕ ಉಳಿಯಬೇಕು, ಊರು ಸುಳ್ಳು ಹೇಳಬೇಕು. ಇದು ನಿಮ್ಮ ಭದ್ರತೆ.

ನನ್ನ ಪಕ್ಕದ ಮನೆಯ ಗೋ ಇನ್‌ಹ್ವಾ ನಿಮ್ಮ ಮಾತು ಪಾಲಿಸಿದಳು. ಅವಳಿಗೆ ಕಚೇರಿಯವರೆಂದರೆ ಮೊದಲಿಂದಲೂ ಭಯಭಕ್ತಿ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಾವಿಬ್ಬರೂ ನೀರಿನಲ್ಲಿ ಜೋಡಿ. ಅವಳು ಮುಳುಗಿದಾಗ ನಾನು ಮೇಲಿರುತ್ತೇನೆ, ಅವಳ ತಲೆ ಕಾಣುವವರೆಗೆ ಕಣ್ಣು ಕೀಳುವುದಿಲ್ಲ. ಆ ಇನ್‌ಹ್ವಾ ಮೂರೂ ಕೋಲು ಹಾಕಿಕೊಂಡು ಒಳಗೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಏಳುವಾಗ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಫೋನು ಮಂಚದ ಮೇಲಿತ್ತು. ಅವಳ ಮನೆ ಮುಂದೆ ನಾನು ಹೋಗುತ್ತಾ ಬರುತ್ತಾ ನಡೆದಾಡಿದೆ. ಮೂರು ಕೋಲು ನೋಡಿ, ಪೇಟೆಗೆ ಮಗಳ ಮನೆಗೆ ಹೋಗಿರಬೇಕು ಅಂದುಕೊಂಡೆ. ಸಂಜೆ ಆ ಮಗಳೇ ನನಗೆ ಫೋನ್ ಮಾಡಿ, "ಅಮ್ಮ ಯಾಕೆ ಫೋನ್ ಎತ್ತುತ್ತಿಲ್ಲ?" ಎಂದಳು. ಆಗ ಓಡಿದೆ.

ಹಿಂದೆ ಹೀಗಾಗುತ್ತಿತ್ತೇ? ಕೋಲಿಲ್ಲದ ಮನೆಯಲ್ಲಿ ಕೂಗಿಗೆ ಉತ್ತರ ಬರದಿದ್ದರೆ ನಾವು ಒಳಗೆ ನುಗ್ಗುತ್ತಿದ್ದೆವು. ಮೂರು ಕೋಲಿದ್ದರೆ ಅವರ ಹಂದಿಗೆ ಕೂಳು ಹಾಕಿ ಬರುತ್ತಿದ್ದೆವು. ಅದು ನಿಮ್ಮ ಫಲಕದಲ್ಲಿಲ್ಲ, ಯಾಕೆಂದರೆ ಅದರ ಫೋಟೋ ತೆಗೆಯಲಾಗುವುದಿಲ್ಲ.

ಆಸ್ಪತ್ರೆಯಲ್ಲಿ ಇನ್‌ಹ್ವಾ ಕೇಳಿದಳು, "ಮನೆ ಮುಂದೆ ಹೋದ್ಯಂತಲ್ಲ, ಕೋಲು ನೋಡಿದ್ಯಾ?"

"ನೋಡ್ದೆ ಕಣೆ."

"ಮತ್ತೆ?"

"ನಂಬ್ದೆ."

ಅವಳು ಗೋಡೆಯ ಕಡೆ ತಿರುಗಿದಳು. ತಿರುಗಲೂ ನೋವಾಗುವ ಹೆಂಗಸು, ಆದರೂ ತಿರುಗಿದಳು.

ಕಂಚು ಹೋಗಲಿ, ಕಳ್ಳ ತಿನ್ನಲಿ. ಅವನು ನನಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ. "ನಿಮ್ಮ ಸಂಪ್ರದಾಯ ಕಾಪಾಡುತ್ತೇವೆ" ಎಂದು ಊರ ಸಭೆಯಲ್ಲಿ ಮಾತು ಕೊಟ್ಟವರು ನೀವು. ಒಬ್ಬರ ಮನೆಯ ಮುಂದೆ ಇನ್ನೊಬ್ಬರು ನಂಬಿ ನಡೆದುಹೋಗುತ್ತಿದ್ದ ಊರು ಇದು. ಈಗ ನಾನು ಪ್ರತಿ ಮನೆಯ ಕೋಲನ್ನೂ ಅನುಮಾನದಿಂದ ನೋಡುತ್ತೇನೆ. ಇದಕ್ಕೆ ಯಾವ ಬೀಗ ಹಾಕಿಸಲಿ?

ಇನ್‌ಹ್ವಾ ಈ ತಿಂಗಳಲ್ಲಿ ಮನೆಗೆ ಬರುತ್ತಾಳೆ. ಇನ್ನು ಅವಳು ನೀರಿಗಿಳಿಯುವ ಹಾಗಿಲ್ಲ. ಕೋಲೂರಿಕೊಂಡು ಒಬ್ಬಳೇ ಇರಬೇಕು. ಅವಳು ಬರುವ ಮುಂಚೆ ಫಲಕ ಕಿತ್ತುಕೊಂಡು ಹೋಗಿ. ನಿಮ್ಮವರು ಬರದಿದ್ದರೆ ಬಂಡೆಯಿಂದ ಚಿಪ್ಪು ಎಬ್ಬಿಸುವ ಕಬ್ಬಿಣ ನನ್ನ ಹತ್ತಿರ ಇದೆ, ಕೆಲಸವೂ ಗೊತ್ತಿದೆ. ಜೊತೆಗೆ, ಸುಳ್ಳು ಕೋಲು ಹಾಕಿ ಎಂದದ್ದು ತಪ್ಪಾಯಿತೆಂದು ಅದೇ ಟೈ ಕಟ್ಟಿದವನು ಬಂದು ಅದೇ ಸಭೆಯಲ್ಲಿ ಹೇಳಬೇಕು.

ನಾವು ಹೆಂಗಸರು ದಡದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ಕೋಲುಗಳಿಗೆ ಬೇರೆ ಅರ್ಥ ಇಟ್ಟುಕೊಂಡಿದ್ದೇವೆ. ಅದೇನೆಂದು ಕೇಳಲು ಯಾರನ್ನೂ ಕಳಿಸಬೇಡಿ. ಕಳೆದ ಸಲ ಫಲಕ ಬರೆಸಲೆಂದು ಕೇಳಿಕೊಂಡು ಬಂದ ನಿಮ್ಮವನಿಗೆ ಕಿತ್ತಳೆ ಸುಲಿದು ಕೊಟ್ಟು, ಒಂದೊಂದೇ ಕೋಲು ಎತ್ತಿಟ್ಟು ಹೇಳಿಕೊಟ್ಟವಳು ನಾನೇ.

ಇಂತಿ,
ನಿಮ್ಮ ಫಲಕದ ಫೋಟೋದಲ್ಲಿ ಹಲ್ಲು ಬಿಟ್ಟು ನಗುತ್ತಿರುವ ಮುದುಕಿ
ಹ್ಯೊನ್ ಗಿಲ್‌ಸುನ್