ಕುರಿ ತಿಂದ ಹಿಮ

ಕೊಡಿಗೇನಹಳ್ಳಿ, ಮಧುಗಿರಿ ತಾಲ್ಲೂಕು
೨೮ ಡಿಸೆಂಬರ್ ೧೯೩೬

ಮಗ ಸಮುವೇಲನಿಗೆ,

ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿದ ನನ್ನ ಕೈಗೆ ಲೇಖನಿ ಕೊಟ್ಟು ನಿನ್ನಮ್ಮ ಬಾಗಿಲಿಗೆ ಅಡ್ಡ ಕೂತಿದ್ದಾಳೆ. ಕ್ರಿಸ್‌ಮಸ್ ನಾಟಕದಲ್ಲಿ ಹಿಮ ಹೇಗೆ ಬಂತು, ವಿವರವಾಗಿ ತಿಳಿಸಿ ಎಂದು ನೀನು ಕಾರ್ಡು ಹಾಕಿದ್ದಕ್ಕೆ ನನಗೆ ಈ ಶಿಕ್ಷೆ. ಮೈಸೂರಿನಲ್ಲಿ ನಿನ್ನ ಕೆಮ್ಮು ಹೇಗಿದೆ? ಟ್ರೇನಿಂಗ್ ಸ್ಕೂಲಿನ ಊಟ ಸೇರುತ್ತಿದೆಯೋ? ನಮಗೇನೂ ರೋಗವಿಲ್ಲ. ಹೆರಿಗೆಗೆ ಬಂದ ನಿನ್ನಕ್ಕ ರೂತಳಿಗೆ ಲೆಕ್ಕದಲ್ಲಿ ಇನ್ನೂ ತಿಂಗಳಿದೆ, ನೋಡಿದರೆ ಇವತ್ತೋ ನಾಳೆಯೋ ಅನ್ನುವ ಹಾಗಿದ್ದಾಳೆ.

ಈಗ ನಿನ್ನ ಹಿಮದ ವಿಚಾರ. ಮಿಶನ್ನಿನ ದೊರೆಸಾನಿ ಕೊಟ್ಟ ಕ್ರಿಸ್‌ಮಸ್ ಕಾರ್ಡಿನಲ್ಲಿ ಮನೆ ಮರವೆಲ್ಲ ಬೆಳ್ಳಗಿದೆ, ನಿಜ. ಅದು ಅವರ ಊರು. ನಮ್ಮೂರಲ್ಲಿ ಮೇಲಿಂದ ಬೆಳ್ಳಗೆ ಬೀಳುವುದು ಕಾಗೆಯ ಹಿಕ್ಕೆ ಒಂದೇ. ಆದರೂ ಹಿಮವಿಲ್ಲದೆ ಹಬ್ಬ ಕಳೆಗಟ್ಟುವುದಿಲ್ಲ, ರೂತಳ ಬಾಣಂತನದ ರಜಾಯಿಗೆ ಅಪ್ಪ ಇಟ್ಟಿರುವ ಹತ್ತಿ ತೆಗೆದುಕೊಳ್ಳಿ, ಆಮೇಲೆ ಬಿಡಿಸಿಕೊಂಡರಾಯಿತು ಎಂದು ನೀನು ಚರ್ಚಿನ ಸಭೆಯವರಿಗೆ ಬರೆದೆ. ಶಿರಾದ ಕರೀಮ್ ಸಾಬರು ಹಿಂಜಿ ನೊರೆಯ ಹಾಗೆ ಮಾಡಿಕೊಟ್ಟ ಹತ್ತಿ ಅದು. ಕೊಡುವುದಿಲ್ಲ ಎಂದೆ. ದೇವರಿಗೂ ಜಿಪುಣತನವೇ ಎಂದು ಎಲ್ಲರೂ ಮೇಲೆ ಬಿದ್ದರು. ಕೊಟ್ಟೆ.

ಹತ್ತಿಯನ್ನು ಅನ್ನದ ಗಂಜಿಯಲ್ಲಿ ಹೊಂಗೆ ಕೊಂಬೆಗೆ ಅಂಟಿಸಬೇಕೆಂದು ನಿನ್ನ ಅಪ್ಪಣೆಯಂತೆ. ಇಲ್ಲಿ ಯಾರ ಮನೆಯಲ್ಲಿ ದಿನಾ ಅನ್ನ ಬೇಯುತ್ತದೆ ಮಾರಾಯ? ರಾಗಿ ಅಂಬಲಿ ಬಳಿದರು. ಹಿಮ ಇಲಿಯ ಬಣ್ಣಕ್ಕೆ ತಿರುಗಿತು. ನಡುಮಧ್ಯಾಹ್ನದ ಬಿಸಿಲಲ್ಲಿ ಹುಡುಗರು ಬೆವರು ಒರೆಸಿಕೊಳ್ಳುತ್ತ ಚಳಿಗೆ ಹಲ್ಲು ಕಟಕಟಿಸುವ ನಟನೆ ಮಾಡಿದರು. ಕುರುಬರ ಕದರಪ್ಪನಿಗೆ ಹೇಳಿ ನಿಜವಾದ ಕುರಿಗಳನ್ನೇ ತರಿಸಿದ್ದರು. ಅವಕ್ಕೆ ಅಂಬಲಿಯ ವಾಸನೆ ಹತ್ತಿತು. ದೇವದೂತರ ಹಾಡು ಮುಗಿಯುವುದರೊಳಗೆ ಕೊಂಬೆಗಳು ಬೋಳು. ನಾನು ಕೋಲು ಹಿಡಿದು ಓಡಿದರೆ ಕದರಪ್ಪ ನನ್ನ ಮೇಲೇ ಬಂದ. "ಹತ್ತಿ ಹೊಟ್ಟೇಲಿ ಗಂಟು ಕಟ್ಕಂಡ್ರೆ ನನ್ ಕುರಿ ಗತಿ ಏನ್ಲಾ ಸಂಜೀವ? ನಿಮ್ಮ ದೇವ್ರು ಕೊಟ್ಟಿಗೇಲಿ ಹುಟ್ದ ಅಂತೀರಲ್ಲ, ಅಲ್ಲಿ ದನಾ ಕರಾನೂ ಹಿಂಗೇ ಹಾಸಿಗೆ ತಿಂತಿದ್ವಾ?" ಎಂದ. ದೊರೆಸಾನಿ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಉಳಿದ ಹತ್ತಿ ಇರುವೆ ಮುತ್ತಿ, ಹುಳಿ ನಾತ ಹೊಡೆದು ತಿಪ್ಪೆ ಸೇರಿತು.

ಬೆತ್ಲೆಹೇಮಿನಲ್ಲಿ ಹಿಮ ಬಿತ್ತೆಂದು ಸತ್ಯವೇದದಲ್ಲಿ ಎಲ್ಲಿದೆ, ತೋರಿಸು. ಅಕ್ಷರ ಕೂಡಿಸಿಕೊಂಡು ಹುಡುಕಿದೆ. ಕೂಸನ್ನು ಬಟ್ಟೆಯಲ್ಲಿ ಸುತ್ತಿದಳು ಎಂದಷ್ಟೇ ಇದೆ. ಇಲ್ಲಿ ಕತ್ತಲಾದರೆ ಬೆಟ್ಟದ ಕಡೆಯ ಗಾಳಿ ಮೂಳೆ ಕೊರೆಯುತ್ತದೆ. ನಮ್ಮ ಚಳಿ ನಿನ್ನ ಹಬ್ಬಕ್ಕೆ ಸಾಲದೇ ಹೋಯಿತೇ? ಕರೀಮ್ ಸಾಬರು ಮಗಳ ಊರಿಗೆ ಹೋಗಿದ್ದಾರೆ, ಸಂಕ್ರಾಂತಿ ಕಳೆದೇ ಬರುವುದಂತೆ. ಸುತ್ತ ಹತ್ತಿ ಹಿಂಜುವವರು ಬೇರೆ ಇಲ್ಲ.

ಅಮ್ಮ ನಿನಗೆ ಮುತ್ತು ಕಳಿಸಿದ್ದಾಳೆ. ನಾನು ಬೈಗುಳ ಕಳಿಸಿದ್ದೇನೆ, ಎರಡನ್ನೂ ತೆಗೆದುಕೋ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಸಂಜೀವಯ್ಯ

ಮರೆತದ್ದಲ್ಲ, ಈಗ ಆದದ್ದು: ಲಕೋಟೆ ಅಂಟಿಸುವಷ್ಟರಲ್ಲಿ ರೂತ ಹೆತ್ತಳು. ಹೆಣ್ಣು ಕೂಸು, ಹಿಡಿಯಷ್ಟಿದೆ, ದಿನ ತುಂಬುವ ಮೊದಲೇ ಬಂದಿದೆ ಎನ್ನುತ್ತಾಳೆ ಸೂಲಗಿತ್ತಿ. ಕೈಕಾಲು ತಣ್ಣಗಿವೆ. ನಿನ್ನಮ್ಮ ಸೆರಗಿನೊಳಗೆ ಎದೆಗೆ ಅವಚಿಕೊಂಡು ಕೂತವಳು ಏಳುತ್ತಿಲ್ಲ. ಮೈಸೂರಿನಲ್ಲಿ ಸಿದ್ಧ ರಜಾಯಿ ಸಿಗುತ್ತದಂತೆ. ಅಂಚೆಗೆ ಹಾಕಬೇಡ, ನೀನೇ ಹೊತ್ತು ತಾ. ಯಾವ ದಿನ ಬರುತ್ತೀಯೆಂದು ಜನವರಿ ಎರಡರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.