ಅಣ್ಣನನ್ನು ಈಗಲೇ ಕರೆಸಿಕೊಳ್ಳಿ

ಮುಂಬಯಿ ಬಂದರು, ಕಾರ್ತಿಕ ಬಹುಳ ಬಿದಿಗೆ, 1936

ಗಾವಡಗೆರೆಯ ಅಪ್ಪನವರ ಪಾದಗಳಿಗೆ ಮಾದೇವನ ನಮಸ್ಕಾರ.

ರಾಗಿ ಕೊಯ್ಲಿಗೆ ಆಳು ಸಾಲದೆಂದು ಅಣ್ಣ ಅಂಕಯ್ಯನಿಗೆ ಕೂಡಲೇ ಕಾಗದ ಬರೆಯಿರಿ. ಅವನ ಕೆಮ್ಮಿನ ಸುದ್ದಿ ಎತ್ತಬೇಡಿ, ಎತ್ತಿದರೆ ಬರುವುದಿಲ್ಲ.

ನಾವು ಇಷ್ಟು ವರ್ಷ ಮಾಡಿದ್ದೆಲ್ಲ ತಲೆಕೆಳಗು. ಉಳುಮೆಗೆಂದು ಅವನು ಮುಂಗಾರಿನಲ್ಲಿ ಊರಿಗೆ ಬರುತ್ತಾನೆ. ಆಗಲೇ ಇಲ್ಲಿ ಕಡಲ ಗಾಳಿ ಬೀಸಿ, ಮಳೆ ಹೊಯ್ದು, ಆಕಾಶ ತೊಳೆದಂತಿರುತ್ತದೆ. ದೀಪಾವಳಿಗೆ ಅವನು ಮರಳುವಾಗ ಗಾಳಿಯ ಬಲ ಕುಂದಿರುತ್ತದೆ. ಮುಂಜಾನೆ ಕಡಲಿನತ್ತ ಸರಿದ ಗಿರಣಿಯ ಹೊಗೆಯನ್ನು ಮಧ್ಯಾಹ್ನ ಕಡಲ ಗಾಳಿ ಹಿಂದಕ್ಕೆ ನೂಕುತ್ತದೆ, ಆಚೆಯ ಬೆಟ್ಟ ತಡೆಯುತ್ತದೆ. ಮಾಘದವರೆಗೂ ಅದು ನಮ್ಮ ಕೋಣೆಗಳ ಮೇಲೆಯೇ ಕೂತಿರುತ್ತದೆ. ಈ ಹೊಗೆಯ ಬಗ್ಗೆ ಒಂದು ಕರಪತ್ರದಲ್ಲಿ ಓದಿದ್ದನ್ನು ಎರಡು ಚಳಿಗಾಲ ಕಣ್ಣಾರೆ ನೋಡಿದ್ದೇನೆ.

ಅಣ್ಣನಿಗೂ ಹೇಳಿದೆ. "ಬುಡ್ಲಾ, ಗಾಳಿಗೂ ಪಂಚಾಂಗ ಬರ್ದಿದ್ದೀಯಾ?" ಎಂದು ನಕ್ಕ. ನಗು ಮುಗಿಯುವ ಮೊದಲೇ ಕೆಮ್ಮು ಬಂತು. ಬಾಯಿ ಒರೆಸಿದ ಬಟ್ಟೆಯನ್ನು ನನಗೆ ಕಾಣದಂತೆ ಮಡಚಿಟ್ಟ.

ಹೋದ ಚಳಿಗಾಲದಲ್ಲಿ ಊರಿಗೆ ಹೊರಟಿದ್ದವನನ್ನು, ಅವನಿಲ್ಲದೆ ಕೂಲಿಗಾರರ ಸಂಘ ಒಡೆದೀತೆಂದು ತಡೆದವನು ನಾನೇ. ಮುಂಗಾರಿಗೆ ಅವನ ಕೈಲಾಗದಿದ್ದರೆ ನಾನು ಬಂದು ಉಳುತ್ತೇನೆ.

ಅವನು ಬರುವವರೆಗೆ ಹೊಲದ ಒಂದು ಮೂಲೆಯನ್ನಾದರೂ ಕೊಯ್ಯದೆ ಬಿಡಿ. ಇಲ್ಲದಿದ್ದರೆ ನಮ್ಮ ಸುಳ್ಳು ತಿಳಿದು ಮರುದಿನವೇ ರೈಲು ಹತ್ತುತ್ತಾನೆ.

ನಿಮ್ಮ ಕಿರಿಮಗ,
ಮಾದೇವ