ರೆಸಿಸ್ಟರ್ ಕಿತ್ತ ದಿನ

ಅಳಿಯಂದಿರಿಗೆ ನಿಮ್ಮ ಮಾವನ ಆಶೀರ್ವಾದಗಳು.

ನೀವು ಮೂರು ಸಲ ಕೇಳಿದರೂ ಮಗಳ ಟ್ಯಾಬ್ಲೆಟ್ ಕಳಿಸದೆ ಸಬೂಬು ಹೇಳಿದೆ. “ಎಷ್ಟೂಂತ ಕಿವಿಯಲ್ಲೇ ಕೇಳ್ಕೊಂಡು ಆಂಪ್ಲಿಫೈಯರ್ ರಿಪೇರಿ ಮಾಡ್ತೀಯಪ್ಪಾ, ಕಣ್ಣಲ್ಲೂ ನೋಡು” ಎಂದು ಅವಳು ಅದನ್ನೇ ನನಗೆ ಆಸಿಲೋಸ್ಕೋಪ್ ಮಾಡಿಕೊಟ್ಟಿದ್ದಳು. ಆಂಪ್ಲಿಫೈಯರಿನ ಸದ್ದು ಪರದೆಯ ಮೇಲೆ ಅಲೆಯಾಗಿ ಕಾಣುತ್ತಿತ್ತು. ನೇರ ಜೋಡಿಸಿದರೆ ಟ್ಯಾಬ್ಲೆಟ್ ಸುಟ್ಟುಹೋಗುತ್ತದೆಂದು ತಂತಿಯ ನಡುವೆ ತಾನೇ ಕರೆಂಟು ತಗ್ಗಿಸುವ ಒಂದು ರೆಸಿಸ್ಟರ್ ಬೆಸೆದಿದ್ದಳು.

ಅವಳು ತೀರಿಕೊಂಡ ಮೇಲೆ ಪರೀಕ್ಷೆಗೆ ಬೇರೆ ಸದ್ದು ಹಾಕಲು ಮನಸ್ಸಾಗಲಿಲ್ಲ. ಮಗುವಿಗೆಂದು ಅವಳು ಅದೇ ಟ್ಯಾಬ್ಲೆಟ್ಟಿನಲ್ಲಿ ಹೇಳಿ ರೆಕಾರ್ಡ್ ಮಾಡಿಟ್ಟಿದ್ದ ಕಥೆಗಳನ್ನೇ ಆಂಪ್ಲಿಫೈಯರಿಗೆ ಕೊಟ್ಟು ನೋಡುತ್ತಿದ್ದೆ. ರೆಸಿಸ್ಟರಿನಿಂದಾಗಿ ಅವಳ ದನಿ ತೀರಾ ಸಣ್ಣ ಅಲೆಯಾಗಿ ಬರುತ್ತಿತ್ತು. ಒಂದು ಸಲ ದೊಡ್ಡದಾಗಿ ನೋಡೋಣವೆಂದು ಹೋದ ತಿಂಗಳು ಅದನ್ನು ಕಿತ್ತು, ನೇರ ಜೋಡಿಸಿದೆ. ಮೂವತ್ತು ವರ್ಷ ಪಳಗಿದ ಕೈ, ಗೊತ್ತಿದ್ದೂ ಮಾಡಿತು. ಒಂದು ಕ್ಷಣ ಪರದೆಯ ತುಂಬ ಅವಳಿದ್ದಳು. ಆಮೇಲೆ ಸುಟ್ಟ ವಾಸನೆ.

ತೋರಿಸದ ಅಂಗಡಿಯಿಲ್ಲ. ಒಂದು ಕಥೆಯೂ ಉಳಿದಿಲ್ಲ.

ನನ್ನನ್ನು ಎಷ್ಟು ಬೇಕಾದರೂ ಬಯ್ಯಿರಿ. ನಿಮ್ಮ ಫೋನಿನಲ್ಲಿ ಅವಳ ದನಿ ಒಂದಿಷ್ಟಾದರೂ ಇದ್ದರೆ ಮಗುವಿಗೆ ಕೇಳಿಸಿ. ನಾನು ಎಷ್ಟೇ ಕೇಳಿಕೊಂಡರೂ ನನ್ನ ಕೈಗೆ ಮಾತ್ರ ಕೊಡಬೇಡಿ.

ಇಂತಿ,
ನಿಮ್ಮ ಮಾವ